ಖಾನಾಪುರದ ಏಳನೆಯ ಕ್ಯಾಮೆರಾ

ದಸ್ತಗೀರ್, ನಿನ್ನ ಅಜ್ಜನ ಕ್ಯಾಮೆರಾ ಇಂಗ್ಲೆಂಡಿನದು ಎಂದು ನಾನು ಬರೆದುಕೊಟ್ಟದ್ದು ಸುಳ್ಳು. ಅದನ್ನು ಅವರೇ ತಮ್ಮ ಕೈಯಾರೆ ಮಾಡಿದ್ದರು. ನನಗದು ಅವತ್ತೇ ಗೊತ್ತಿತ್ತು. ಕಣ್ತಪ್ಪಿ ಬರೆದದ್ದಲ್ಲ — ನಿನ್ನ ಮೇಲಿನ ಸೇಡಿಗೆ ಬರೆದದ್ದು.

ಇಷ್ಟನ್ನು ಬರೆಯಲು ನನಗೆ ಆರು ವರ್ಷ ಬೇಕಾದವು. ಇನ್ನು ಉಳಿದದ್ದನ್ನು, ನಮ್ಮಿಬ್ಬರನ್ನೂ ಅರಿಯದವರು ಓದಿದರೂ ತಿಳಿಯುವ ಹಾಗೆ ಬರೆಯುತ್ತೇನೆ. ಯಾಕೆಂದರೆ ಈ ಕಾಗದವನ್ನು ನಿನಗೊಬ್ಬನಿಗೇ ಕೊಟ್ಟು ಸುಮ್ಮನಾಗುವ ಯೋಚನೆ ನನಗಿಲ್ಲ.

ನಾನು ಬೆಳಗಾವಿಯ ಮಹಾಂತೇಶ ನಗರದವಳು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹಳೆಯ ಮರದ ಕ್ಯಾಮೆರಾ ಸಂಗ್ರಹಿಸುವ ಹುಚ್ಚು ನನಗೆ. ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ಹಾಕಿ, ಮಬ್ಬು ಗಾಜಿನ ಮೇಲೆ ತಲೆಕೆಳಗಾದ ಜನರನ್ನು ನೋಡಬೇಕಾದ ದೊಡ್ಡ ಪೆಟ್ಟಿಗೆಗಳು ಅವು. ಬಿಚ್ಚಿ ನೋಡಿ, ಯಾವ ದೇಶದ್ದು, ಯಾವ ಕಾಲದ್ದು ಎಂದು ಗುರುತಿಸಿ ಬರೆದುಕೊಡುತ್ತೇನೆ. ನನ್ನ ಸಹಿ ಇದ್ದರೆ ಹುಬ್ಬಳ್ಳಿ, ಕೊಲ್ಹಾಪುರದ ಸಂಗ್ರಾಹಕರೂ ಎರಡನೆಯ ಮಾತು ಆಡುತ್ತಿರಲಿಲ್ಲ. ಆ ಸಹಿಯನ್ನೇ ನಾನು ಆಯುಧ ಮಾಡಿಕೊಂಡೆ.

ನೀನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಬೆಳಗಾವಿಯಲ್ಲಿ ಹಳೆಯ ಸಾಮಾನಿನ ಅಂಗಡಿ, ಖಾನಾಪುರದಲ್ಲಿ ಮನೆ, ತಾಯಿ. ಓದಿದ್ದು ಕಡಿಮೆ. ಆದರೆ ಮರವನ್ನು ಮುಟ್ಟಿದರೆ ಸಾಕು, ಅದರ ಕುಲಗೋತ್ರ ಹೇಳುತ್ತಿದ್ದೆ. ನಾನು ಪುಸ್ತಕ ತಿರುವಿ ಹುಡುಕಿದ್ದನ್ನು ನೀನು ಬೆರಳಲ್ಲಿ ಹುಡುಕುತ್ತಿದ್ದೆ. ಅದೂ ನನಗೆ ಸಹನೆಯಾಗುತ್ತಿರಲಿಲ್ಲವೇನೋ — ಈಗ ಹಾಗನ್ನಿಸುತ್ತದೆ, ಆಗ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ —

ಸೇಡಿನ ಮೂಲ ಹೇಳುತ್ತೇನೆ. ನಮ್ಮ ಸಂಗ್ರಾಹಕರ ಒಂದು ಸಭೆಯಲ್ಲಿ ನಾನು ಅಪ್ಪನ ಕ್ಯಾಮೆರಾ ತೋರಿಸಿ ಮಾತಾಡಿದೆ. ಅಪ್ಪ ಡ್ರಾಯಿಂಗ್ ಮಾಸ್ತರರು. ಇಂಗ್ಲಿಷ್ ಅಧಿಕಾರಿಯೊಬ್ಬ ಊರು ಬಿಡುವಾಗ ದಂಡಿನ ಕ್ಯಾಂಪಿನಲ್ಲಿ ನಡೆದ ಹರಾಜಿನಲ್ಲಿ ಅದನ್ನು ಕೊಂಡಿದ್ದರು. ಮಹಾಗನಿ ಮರ, ಅಪ್ಪಟ ಲಂಡನ್ ಮಾಲು ಎಂದು ಸಾಯುವ ತನಕ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿದೆ. ಮಾತು ಮುಗಿದ ಮೇಲೆ ನೀನು ಎದ್ದು ಬಂದು, ಕ್ಯಾಮೆರಾದ ಬೆನ್ನು ತಿರುವಿ ನೋಡಿದೆ.

“ಅಕ್ಕಾರ, ನಡುವಿನ ಮೈ ಮಹಾಗನಿ ಖರೇ. ಆದ್ರ ಹಿಂದಿನ ಚೌಕಟ್ಟ ಬ್ಯಾರೆ, ಮುಂದಿನ ಹಲಗಿ ಬ್ಯಾರೆ. ಮೂರು ಕ್ಯಾಮೆರಾ ಬಿಚ್ಚಿ ಒಂದು ಮಾಡ್ಯಾರ. ಈ ಸ್ಕ್ರೂ ನೋಡ್ರಿ, ನಮ್ಮ ಅಂಗಡ್ಯಾಗ ಸಿಗೂವಂಥಾವು!”

ನಾನು ಏನೋ ವಾದ ಮಾಡಿದೆ. ನೀನು ನಕ್ಕೆ. “ನಾ ಏನ್ ಹೇಳೂದಿಲ್ರಿ ಅಕ್ಕಾರ, ಕಟಗಿ ಹೇಳತೈತಿ. ನಿಮ್ಮಪ್ಪಾರಿಗೆ ಯಾರೋ ಭಾಳ ಚಲೋ ಟೊಪಗಿ ಹಾಕ್ಯಾರ ಬಿಡ್ರಿ.”

ಹಿಂದಿನಿಂದ ಯಾರೋ ಕೂಗಿದರು: “ಅದೂ ಸಾಹೇಬ್ರ ಟೊಪಗಿ!”

ಎಲ್ಲರೂ ನಕ್ಕರು.

ಅಪ್ಪ ತೀರಿಕೊಂಡು ಆಗಲೇ ಹದಿನೈದು ವರ್ಷ. ಆದರೂ ಅವರು ಅಲ್ಲೇ ಮುಂದಿನ ಕುರ್ಚಿಯಲ್ಲಿ ಕೂತು ಆ ನಗೆ ಕೇಳಿಸಿಕೊಂಡ ಹಾಗೆ ನನಗಾಯಿತು. ಮರುದಿನ ಆ ಕ್ಯಾಮೆರಾವನ್ನು ಮೊದಲ ಸಲ ಬಿಚ್ಚಿದೆ. ಅಪ್ಪನ ವಸ್ತು ಎಂದು ಅಲ್ಲಿಯ ತನಕ ಸ್ಕ್ರೂಡ್ರೈವರ್ ಹಚ್ಚಿರಲಿಲ್ಲ. ಇಂಥ ಕ್ಯಾಮೆರಾ ಮಾಡುವವರು ಒಂದರ ಭಾಗ ಇನ್ನೊಂದಕ್ಕೆ ಸೇರದಿರಲಿ ಎಂದು, ಒಳಗೆ ಕಾಣದ ಕಡೆ, ಎಲ್ಲ ತುಂಡುಗಳ ಮೇಲೂ ಒಂದೇ ಅಂಕಿ ಒತ್ತಿರುತ್ತಾರೆ. ಅಪ್ಪನ ಕ್ಯಾಮೆರಾದಲ್ಲಿ ಮೂರು ಬೇರೆ ಬೇರೆ ಅಂಕಿಗಳಿದ್ದವು. ನೀನು ಹೇಳಿದ್ದು ನಿಜವಾಗಿತ್ತು. ಸುಳ್ಳಾಗಿದ್ದರೆ ನಿನ್ನನ್ನು ಕ್ಷಮಿಸುವುದು ಸುಲಭವಿತ್ತು.

ಎರಡು ವರ್ಷ ಆ ಸಿಟ್ಟನ್ನು ಸಾಕಿದೆ. ನೀನು ದಾರಿಯಲ್ಲಿ ಸಿಕ್ಕರೆ ನಾನು ನಗುತ್ತಿದ್ದೆ, ಚಹಾ ಕುಡಿಸುತ್ತಿದ್ದೆ. ಒಳಗೆ — ಒಂದು ಅವಕಾಶ ಸಿಗಲಿ, ಒಂದೇ ಒಂದು, ಎಂದು ಕಾಯುತ್ತಿದ್ದೆ.

ಅವಕಾಶವನ್ನು ಚಾದರದಲ್ಲಿ ಸುತ್ತಿ ನೀನೇ ನನ್ನ ಮನೆಗೆ ತಂದೆ. ಜೊತೆಗೆ ನಿನ್ನ ತಾಯಿ ಜೈನಾಬಿ. ಖಾನಾಪುರದಿಂದ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರು. ಅವರ ತಂದೆ ಹುಸೇನಸಾಬರು ಪೇಟಿ ಮಾಡುವ ಮಿಸ್ತ್ರಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಹಲಸಿ ರಸ್ತೆಯ ಬಂಗಲೆಯಲ್ಲಿ ಕಟ್ಟಿಗೆ ವ್ಯಾಪಾರದ ಇಂಗ್ಲಿಷ್ ಸಾಹೇಬನೊಬ್ಬನಿದ್ದ. ಅವನ ಪೇಟಿ ದುರಸ್ತಿಗೆ ಹೋದಾಗ ಹುಸೇನಸಾಬರು ಅವನ ಕ್ಯಾಮೆರಾ ನೋಡಿದರು. ಅಳತೆಯನ್ನು ಕಣ್ಣಲ್ಲೇ ಹಿಡಿದುಕೊಂಡು ಬಂದು, ಅಂಥದ್ದನ್ನೇ ಮಾಡಿದರು. ಇದು ಜೈನಾಬಿ ಹೇಳಿದ ಕಥೆ. ಊರವರ ಕಥೆ ಬೇರೆ: ಸಾಹೇಬ ದೇಶ ಬಿಟ್ಟು ಹೋದ ಗದ್ದಲದಲ್ಲಿ ಮಿಸ್ತ್ರಿ ಅದನ್ನು ಎತ್ತಿಕೊಂಡು ಬಂದ. ಓಣಿಯಲ್ಲಿ ಜಗಳವಾದಾಗಲೆಲ್ಲ ಯಾರಾದರೊಬ್ಬರು ಜೈನಾಬಿಯವರಿಗೆ “ಕಳ್ಳನ ಮಗಳು” ಎಂದೇ ಅನ್ನುತ್ತಿದ್ದರಂತೆ. ಅರವತ್ತು ವರ್ಷಗಳ ಕಾಲ.

ನೀನು ಹೇಳಿದೆ: “ಮನಿಯವರ ಮಾತು ಯಾರ ನಂಬತಾರ್ರಿ ಅಕ್ಕಾರ? ನೀವ ಬರದ ಕೊಟ್ರ ಮಂದಿ ಬಾಯಿ ಮುಚ್ಚತೈತಿ.”

“ಬಿಚ್ಚಿ ನೋಡ್ರಿ,” ಎಂದರು ಜೈನಾಬಿ. “ಇವಂಗ ನಾ ಇಷ್ಟ ದಿನ ಮುಟ್ಟಗೊಟ್ಟಿಲ್ಲ. ಇವನ ಕೈ ಭಾಳ ಗಡಿಬಿಡಿ. ನಿಮ್ಮ ಕೈಯಾಗ ಕೊಟ್ರ ನನಗ ಧೈರ್ಯ.”

ಸಭೆಯ ಆ ನಗೆ ನಿನಗೆ ನೆನಪೇ ಇದ್ದಂತಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಕ್ಯಾಮೆರಾ ಒಂದು ವಾರ ನನ್ನ ಮೇಜಿನ ಮೇಲಿತ್ತು. ಎರಡನೆಯ ದಿನ ಮಧ್ಯಾಹ್ನ ಬಿಚ್ಚಿದೆ. ಸಾಗವಾನಿ ಮರ. ನಡುವೆ ಹಿಗ್ಗಿ ಕುಗ್ಗುವ ಚರ್ಮದ ತಿದಿಯನ್ನು ಇಂಗ್ಲಿಷರು ಒಂದೇ ತೊಗಲನ್ನು ಮಡಚಿ ಮಾಡುತ್ತಾರೆ. ಇಲ್ಲಿ ಮಡಿಕೆ ಮಡಿಕೆಗೂ ಮೂಲೆಯಲ್ಲಿ ಆಡಿನ ಚರ್ಮದ ತ್ರಿಕೋನ ತುಂಡು ಅಂಟಿಸಿತ್ತು — ಪೇಟಿಯ ತಿದಿಗೆ ಅಂಟಿಸುವ ಹಾಗೆ. ತಿದಿ ಬಿಚ್ಚಿದ ಮೇಲೆ ಒಳಗಿನ ಆರು ತುಂಡುಗಳ ಮೇಲೆ ಉಳಿಯಿಂದ ಕೆತ್ತಿದ ಒಂದೇ ಅಂಕಿ ಕಂಡಿತು. ಏಳು. ಮರಾಠಿ ಅಂಕಿಯ ಏಳು. ಖಾನಾಪುರದ ಮರಾಠಿ ಸಾಲೆಯಲ್ಲಿ ಕಲಿತವನ ಕೈ ಅದು. ಲಂಡನ್ನಿನ ಯಾವ ಕೆಲಸಗಾರ ಹೀಗೆ ಕೆತ್ತಿಯಾನು? ಮತ್ತೆ, ಏಳು ಎಂದರೆ — ಮೊದಲು ಆರು ಮಾಡಿ ನೋಡಿದ್ದರೇ? ಅವು ಎಲ್ಲಿ ಹೋದವು?

ಒಂದು ಕ್ಷಣ ನನಗೆ ಖುಷಿಯಾಯಿತು. ಇದನ್ನು ಬರೆಯಲೇಬೇಕು. ಇಪ್ಪತ್ತೈದು ವರ್ಷ ನಾನು ಹುಡುಕುತ್ತಿದ್ದದ್ದು ಇಂಥದ್ದನ್ನೇ. ಎದ್ದು ನಿನಗೆ ಫೋನ್ ಮಾಡಲು ಹೋದೆ — ಹೋದೆ ಎಂದೇ ನೆನಪು, ಆದರೆ ನನ್ನನ್ನು ಒಳ್ಳೆಯವಳನ್ನಾಗಿ ಮಾಡುವ ನೆನಪುಗಳನ್ನು ಈಗ ನಾನು ನಂಬುವುದಿಲ್ಲ. ಫೋನ್ ಮಾಡಲಿಲ್ಲ ಎಂಬುದಷ್ಟೇ ಖಚಿತ. ಟೊಪಗಿ ಎಂಬ ಮಾತು ಕಿವಿಗೆ ಬಂತು. ಅಪ್ಪ ನೆನಪಾದರು. ನನ್ನ ಅಪ್ಪನನ್ನು ನೀನು ಪೆದ್ದ ಮಾಡಿದೆ. ನಿನ್ನ ಅಜ್ಜನನ್ನು ಕಳ್ಳ ಮಾಡುವುದು ಈಗ ನನ್ನ ಕೈಯಲ್ಲಿತ್ತು.

ಬ್ಲೇಡು ತಂದು ಅಂಕಿಗಳನ್ನು ಕೆರೆದೆ. ನಾಲ್ಕು ಹೋದವು. ಇನ್ನೆರಡು, ಸರೇಸು ಎಂಬ ಅಂಟು ಹಾಕಿ ಕೂಡಿಸಿದ ಸಂದಿಯ ಆಳದಲ್ಲಿದ್ದವು; ಮರ ಒಡೆಯದೆ ಬ್ಲೇಡು ಹೋಗುತ್ತಿರಲಿಲ್ಲ. ಅವನ್ನು ಬಿಟ್ಟೆ. ಕರುಣೆಯಿಂದ ಬಿಟ್ಟೆ ಎಂದು ತಿಳಿಯಬೇಡ. ಕೆರೆದಲ್ಲಿ ಬಿಳಿ ಕಂಡಿತು, ಚಹಾದ ನೀರು ಹಚ್ಚಿ ಬಣ್ಣ ಕೂಡಿಸಿದೆ. ಅಷ್ಟು ಅಚ್ಚುಕಟ್ಟಾಗಿ ಮಾಡಿದೆ.

ನಂತರ ಬರೆದೆ: “ಇಂಗ್ಲೆಂಡಿನಲ್ಲಿ ತಯಾರಾದದ್ದು. ತಯಾರಕರ ಹೆಸರಿನ ತಗಡು ಕಳೆದಿದೆ. ಬಿಸಿ ದೇಶಗಳಿಗಾಗಿ ಅಲ್ಲಿಯವರು ಸಾಗವಾನಿಯಲ್ಲೂ ಕ್ಯಾಮೆರಾ ಮಾಡುತ್ತಿದ್ದರು. ತಿದಿ ಸ್ಥಳೀಯವಾಗಿ ದುರಸ್ತಿಯಾಗಿದೆ.” ಸಾಗವಾನಿಯ ಮಾತು ನಿಜ. ಆ ಒಂದು ನಿಜದ ಮೇಲೆ ಉಳಿದ ಸುಳ್ಳನ್ನೆಲ್ಲ ನಿಲ್ಲಿಸಿದೆ. ಕೆಳಗೆ ಸಹಿ ಮಾಡಿದೆ.

ವಾರದ ಕೊನೆಗೆ ನೀವಿಬ್ಬರೂ ಬಂದಿರಿ. ನೀನು ತಾಯಿಗೆ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಸಾಲಿಗೆ ದನಿ ಇಳಿಯಿತು.

“ತಿದಿ ನೋಡಿದ್ರೇನ್ರಿ ಅಕ್ಕಾರ? ಅದು ಪೇಟಿ ಕೆಲಸ ಇದ್ದಂಗ ಕಾಣತೈತಿ.”

“ಹರದಿರಬೇಕು, ನಿಮ್ಮಜ್ಜ ರಿಪೇರಿ ಮಾಡ್ಯಾರ,” ಎಂದೆ. “ತಿದಿ ಅಷ್ಟ ಅವರದು. ಕ್ಯಾಮೆರಾ ಅಲ್ಲ.”

 ನನಗಿಂತ ಚೆನ್ನಾಗಿ ಮರ ಬಲ್ಲ ನೀನು, ನನ್ನ ಸಹಿ ನಂಬಿ ಕಾಗದ ಮಡಚಿದೆ. ಆಗ ಜೈನಾಬಿ ನನ್ನ ಮುಖ ನೋಡಿ ಕೇಳಿದರು: “ಹಂಗಾದ್ರ ಅಕ್ಕಾರ, ಇದು ನಮ್ಮಪ್ಪನ ಕೈಯಾಗ ಹೆಂಗ ಬಂತು?”

ಪ್ರಶ್ನೆ ಅವರದಾದರೂ ನಾನು ಅವರನ್ನು ನೋಡಲಿಲ್ಲ. ನಿನ್ನನ್ನೇ ನೋಡುತ್ತ ಹೇಳಿದೆ: “ನಾ ಏನ್ ಹೇಳೂದಿಲ್ರಿ. ಕಟಗಿ ಹೇಳತೈತಿ.”

ಎರಡು ವರ್ಷ ಬಾಯಿಯಲ್ಲಿ ಇಟ್ಟುಕೊಂಡಿದ್ದ ಮಾತು ಅದು. ನಿನ್ನ ಮಾತನ್ನೇ ನಿನಗೆ ತಿರುಗಿ ಕೊಟ್ಟೆ ಎಂದುಕೊಂಡೆ. ನಿನಗೆ ಗುರುತೇ ಹತ್ತಲಿಲ್ಲ. ತಗುಲಿದ್ದು ಅವರಿಗೆ. ಚಾದರ ಎತ್ತಿಕೊಂಡು ಕ್ಯಾಮೆರಾಕ್ಕೆ ಸುತ್ತಿದರು. ಬರುವಾಗ ಇದ್ದ ಗಂಟು ಮತ್ತೆ ಹಾಕಲು ಅವರಿಗೆ ಬರಲಿಲ್ಲ. ನೀನು ಹಾಕಿದೆ.

ಪಶ್ಚಾತ್ತಾಪ ಆವತ್ತೇ ಶುರುವಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆ ದಿನದ ಡೈರಿಯಲ್ಲಿ ಎರಡೇ ಸಾಲು ಇವೆ: “ದಸ್ತಗೀರ್ ಮತ್ತು ತಾಯಿ ಬಂದು ಹೋದರು. ಸಂಜೆ ಕುಂದಾ ತರಿಸಿದೆ.” ಆ ಸಿಹಿ ತಿಂದೆ, ದಸ್ತಗೀರ್. ರುಚಿಯಾಗಿತ್ತು.

ಈ ವರ್ಷ ಖಡೇ ಬಜಾರಿನಲ್ಲಿ ನೀನು ಸಿಕ್ಕೆ. ಮಾತಿನ ನಡುವೆ, ಅಜ್ಜನ ಕ್ಯಾಮೆರಾ ಹೇಗಿದೆ ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ — ಗಾಯ ಮಾಗಿದೆಯೋ ಹಸಿಯಾಗಿದೆಯೋ ನೋಡುವ ಚಪಲ ಇನ್ನೂ ಇತ್ತೇನೋ.

“ಅದೆಲ್ಲೈತ್ರಿ ಅಕ್ಕಾರ! ಅಮ್ಮಾ ಆವಾಗ್ಲೇ ಒಯ್ದು ಬಂಗಲೇಕ್ಕ ಕೊಟ್ಟ ಬಂದಾಳ. ಮಂದಿ ಸಾಮಾನ ಮನ್ಯಾಗ ಇಟಗೊಂಡು ನಮಾಜ ಹೆಂಗ ಮಾಡ್ಲಿ ಅಂದ್ಲು. ಅಜ್ಜನ ಫೋಟೋನೂ ಗ್ವಾಡಿ ಮ್ಯಾಲಿಂದ ಇಳಿಸ್ಯಾಳ.” ಹೇಳಿ ನೀನು ನಕ್ಕೆ. “ಈಗ ಆಕಿಗೆ ಕಿವಿ ಭಾಳ ಮಂದ ಆಗ್ಯಾವು. ಚಲೋನ ಆತು. ಮಂದಿ ಬೈದ್ರ ಕೇಳೂದಿಲ್ಲ.”

ಮರುದಿನವೇ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಹಲಸಿ ರಸ್ತೆಯ ಆ ಬಂಗಲೆ ಹುಡುಕಿದೆ. ಈಗಿನ ಮಾಲೀಕರು ಗೋವಾದಲ್ಲಿ ಇರುತ್ತಾರಂತೆ. ಕಾವಲಿನ ಮುದುಕನೊಬ್ಬನೇ ಇದ್ದ. ಹಿಂದಿನ ಪಡಸಾಲೆಯಲ್ಲಿ ಗೊಬ್ಬರದ ಚೀಲಗಳ ಮಗ್ಗುಲಿಗೆ ಕ್ಯಾಮೆರಾ ಬಿದ್ದಿತ್ತು. ತಿದಿಯನ್ನು ಇಲಿಗಳು ಕಡಿದಿದ್ದವು. ತಂಡಿಗೆ ಸರೇಸು ಸಡಿಲಾಗಿ ಸಂದಿ ಬಾಯಿ ಬಿಟ್ಟಿತ್ತು. ನನ್ನ ಬ್ಲೇಡು ಮುಟ್ಟದ ಎರಡು ಏಳುಗಳು, ಬಿಚ್ಚುವ ಮೊದಲೇ ಕಾಣುತ್ತಿದ್ದವು.

ಇದನ್ನು ಒಯ್ಯಲೇ ಎಂದು ಕಾವಲಿನವನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವ್ಯಾರ್ರಿ? ಒಬ್ಬಾಕಿ ಮುದುಕಿ ಅಳಕೋತ ಇಟ್ಟ ಹೋಗ್ಯಾಳ. ‘ನಮ್ಮಪ್ಪಂದು ತಪ್ಪಾಗೈತಿ, ಮಾಫ್ ಮಾಡ್ರಿ’ ಅಂತ ನನ್ನ ಕಾಲು ಹಿಡ್ಯಾಕ ಬಂದಿದ್ಲು. ಆಕಿ ಬಂದು ಕೇಳಲಿ, ಕೊಡತೀನಿ. ನಿಮಗ ಕೊಡಾಂಗಿಲ್ಲ.”

ಸರಿಯಾಗಿಯೇ ಹೇಳಿದ.

ಮನೆಗೆ ಬಂದು ಹಳೆಯ ಡೈರಿ ತೆಗೆದೆ, ನೀನು ನಕ್ಕ ಆ ಸಭೆಯ ದಿನದ್ದು. ನನ್ನ ಸಿಟ್ಟಿಗಾದರೂ ಒಂದು ಆಧಾರ ಇರಲಿ ಎಂದು ತೆಗೆದೆ. ನೆನಪಿನಲ್ಲಿ ಸಭಾಂಗಣ ಕಿಕ್ಕಿರಿದಿದೆ. ಡೈರಿಯಲ್ಲಿ “ಹನ್ನೊಂದು ಜನ” ಎಂದಿದೆ. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ: “ದಸ್ತಗೀರ್ ಕ್ಯಾಮೆರಾ ಹೊತ್ತುಕೊಂಡು ಆಟೋದ ತನಕ ಬಂದ. ಹೆಚ್ಚು ಮಾತಾಡಿಬಿಟ್ಟೆ, ಮನಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದ.”

ಇದು ನನಗೆ ಪೂರ್ತಿ ಮರೆತುಹೋಗಿತ್ತು. ಈಗ ಓದಿದರೂ ನಿನ್ನ ಆ ಮುಖ ನೆನಪಿಗೆ ಬರುತ್ತಿಲ್ಲ. ನಗೆಯೊಂದೇ ಬರುತ್ತದೆ. ಸೇಡಿಗೆ ಬೇಕಾದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಎಸೆದಿದ್ದೇನೆ — ನಾಲ್ಕು ಅಂಕಿ ಕೆರೆದ ಹಾಗೆಯೇ. ಆದರೆ ನೀನು ತಪ್ಪೊಪ್ಪಿಕೊಂಡಿದ್ದೆ ಎಂಬುದರಿಂದ ನನ್ನ ತಪ್ಪು ದೊಡ್ಡದಾಗುವುದೂ ಇಲ್ಲ, ಒಪ್ಪಿಕೊಳ್ಳದೆ ಹೋಗಿದ್ದರೆ ಚಿಕ್ಕದಾಗುತ್ತಲೂ ಇರಲಿಲ್ಲ. ನೀನು ನಿಜ ಹೇಳಿ ನಕ್ಕೆ. ನಾನು ಸುಳ್ಳು ಬರೆದು ಒಬ್ಬ ಮಗಳ ಬಾಯಿಂದ ಅವಳ ಅಪ್ಪನನ್ನು ಕಳ್ಳ ಎನ್ನಿಸಿದೆ. ಇವೆರಡನ್ನು ನಾನು ಒಂದೇ ತಕ್ಕಡಿಯಲ್ಲಿ ತೂಗಿದ್ದೆ. ಇನ್ನೊಂದು ಮಾತು, ಮುಚ್ಚಿಡಬಾರದು: ಆ ಟೊಪಗಿಯ ಮಾತು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಸಿಟ್ಟು ಆರಿಲ್ಲ. ಆರುವುದನ್ನು ಕಾಯುತ್ತ ಕೂತರೆ ಜೈನಾಬಿ ಉಳಿಯುವುದಿಲ್ಲ.

ಹೊಸ ವರದಿ ಬರೆದಿದ್ದೇನೆ. ಮಾಡಿದವರು ಹುಸೇನಸಾಬ ಮಿಸ್ತ್ರಿ, ಖಾನಾಪುರ. ಇದು ಅವರ ಏಳನೆಯದು ಇರಬೇಕು. ನಾಲ್ಕು ಅಂಕಿಗಳನ್ನು ಅಳಿಸಿದವಳು ನಾನು. ಹಳೆಯ ವರದಿ ಬೇಕೆಂದೇ ಬರೆದ ಸುಳ್ಳು. ನಮ್ಮ ಸಂಗ್ರಾಹಕರೆಲ್ಲರಿಗೂ ಅದನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ಇನ್ನು ಮುಂದೆ ಯಾರ ಕ್ಯಾಮೆರಾಕ್ಕೂ ನಾನು ಸಹಿ ಮಾಡುವುದಿಲ್ಲ.

ಆದರೆ ನಿನ್ನ ತಾಯಿಗೆ ಓದಲು ಬಾರದು. ಮೆಲ್ಲಗೆ ಹೇಳಿದರೆ ಕೇಳಿಸದು. ನೀನು ಹೇಳಿದರೆ, ಸಮಾಧಾನಕ್ಕೆ ಹೇಳುತ್ತಾನೆ ಮಗ ಎಂದುಕೊಳ್ಳುತ್ತಾರೆ. ಆದ್ದರಿಂದ ಶುಕ್ರವಾರ ನಾನೇ ಬರುತ್ತೇನೆ, ದಸ್ತಗೀರ್. ನನ್ನನ್ನು ಒಳಗೆ ಕರೆಯಬೇಡ, ಬಾಗಿಲು ಹಾಕಬೇಡ. ಗಂಡಸರು ಮಸೀದಿಯಿಂದ ತಿರುಗಿ ಬರುವ ಹೊತ್ತಿಗೆ, ಮನೆಯ ಮುಂದಿನ ಕಟ್ಟೆಯ ಮೇಲೆ ನಿನ್ನ ತಾಯಿಯ ಎದುರು ಕೂತು, ಅವರ ಅಪ್ಪ ಕಳ್ಳನಲ್ಲ, ಸುಳ್ಳು ಬರೆದವಳು ನಾನು ಎಂದು ಕೂಗಿ ಹೇಳುತ್ತೇನೆ. ಒಂದು ಸಲಕ್ಕೆ ಅವರಿಗೆ ಕೇಳಿಸಲಿಕ್ಕಿಲ್ಲ. ಕೇಳಿಸುವ ತನಕ ಕೂಗುತ್ತೇನೆ.