ತೋಡಿನ ಕಟ್ಟದ ಮೇಲೆ ಎರಡು ಕತ್ತರಿ

ನಾರಾವಿ ಕಡೆಯ ನಮ್ಮ ಗದ್ದೆ ಧಣಿಗಳದ್ದಾಗಿದ್ದಷ್ಟು ಕಾಲ ಅದರ ಗಡಿ ಎಲ್ಲಿ ಮುಗಿಯುತ್ತದೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಡಿಕ್ಲರೇಶನ್ ಆಗಿ ಒಕ್ಕಲುಗಳೇ ಒಡೆಯರಾದರು ನೋಡಿ, ಗೇಣಗಲ ಬದುವಿಗೂ ತಲೆ ಒಡೆಯುವಷ್ಟು ಬೆಲೆ ಬಂತು. ನಮ್ಮ ಮನೆಯ ಯಜಮಾನರಾಗಿದ್ದ ನನ್ನ ಸೋದರಮಾವ ಮತ್ತು ತೋಡಿನ, ಅಂದರೆ ಗದ್ದೆ ನಡುವಿನ ಸಣ್ಣ ಹಳ್ಳದ, ಆಚೆಮನೆಯವರು ಒಂದೇ ಧಣಿಯಿಂದ ಒಟ್ಟಿಗೆ ಬೈಗುಳ ತಿಂದವರು. ಒಡೆಯರಾದ ಮೇಲೆ ಒಬ್ಬರನ್ನೊಬ್ಬರು ಬೈಯತೊಡಗಿದರು.

ಜಗಳ ಸುಗ್ಗಿ ಬೆಳೆಯ ನೀರಿನದು. ತೋಡಿಗೆ ಹಾಕಿದ ಮಣ್ಣಿನ ಕಟ್ಟದಿಂದ ಯಾರ ಗದ್ದೆಗೆ ನೀರು ಮೊದಲು ಎಂಬುದು. ಇಬ್ಬರ ಸೊಂಟದ ಕೊಕ್ಕೆಯಲ್ಲೂ ಸೊಪ್ಪು ಕಡಿಯುವ ಕತ್ತಿ ಸದಾ ಇರುತ್ತಿತ್ತು. ಅದು ಕೈಗೆ ಬರಲು ಎಷ್ಟು ಹೊತ್ತು? ಒಂದು ವರ್ಷ ಮಾವನ ಭುಜಕ್ಕೇ ಬಿತ್ತು. ಆಸ್ಪತ್ರೆಯಲ್ಲಿ ತೆಂಗಿನ ಮರದಿಂದ ಜಾರಿದೆ ಎಂದರು. ತೆಂಗಿನ ಮರಕ್ಕೆ ಕತ್ತಿ ಬೀಸಲು ಬರುತ್ತದೆಂದು ಇವತ್ತೇ ತಿಳಿಯಿತು ಎಂದರಂತೆ ಡಾಕ್ಟರು. ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ಮುಂದಿನ ಸಲ ಒಬ್ಬರು ಹೆಣವಾಗುತ್ತಾರೆ, ಇನ್ನೊಬ್ಬರು ಜೈಲಿಗೆ ಹೋಗುತ್ತಾರೆ ಎಂದು ಅವಳು ನಡುಗುತ್ತಿದ್ದಳು.

ಅಷ್ಟರಲ್ಲಿ ಊರಿಗೆ ಬೀಡಿ ಕಂಪೆನಿಯ ಬ್ರಾಂಚು ಬಂತು. ಅಮ್ಮನೂ ಆಚೆಮನೆಯ ಅಕ್ಕನೂ ಬೀಡಿ ಕಟ್ಟಲು ಗೆರಸೆ ಹಿಡಿದು ಕೂತರು. ಅಕ್ಕಿ, ಸೀಮೆಎಣ್ಣೆ, ಕೊನೆಗೆ ಮಾವನ ನಶ್ಯವೂ ಬೀಡಿಯಿಂದಲೇ ಬರತೊಡಗಿದ ಮೇಲೆ ಮಾವನ ಗತ್ತು ಸ್ವಲ್ಪ ಇಳಿಯಿತು. ಗಡಂಗಿನಲ್ಲಿ ಕುಡಿದು ಶೂರರಾಗುತ್ತಿದ್ದವರು ಈಗ ಜಗಲಿಯಲ್ಲಿ ಕೂತು, ಅಮ್ಮ ನೆನೆಹಾಕಿದ ಬೀಡಿ ಎಲೆ ಕತ್ತರಿಸುತ್ತಿದ್ದರು. ಯಾರಾದರೂ ಬಂದರೆ ಕತ್ತರಿ ಹೆಗಲ ಮೇಲಿನ ಬೈರಾಸಿನಡಿ ಅಡಗುತ್ತಿತ್ತು. ಅದು ಹೆಂಗಸರ ಕೆಲಸವಲ್ಲವೇ!

ಒಂದು ಬೆಳಿಗ್ಗೆ ಕಟ್ಟ ಒಡೆದಿದೆ ಎಂದು ಸುದ್ದಿ ಬಂತು. ಮಾವ ಕೂತಲ್ಲಿಂದಲೇ ಎದ್ದು ಓಡಿದರು. ಹಿಂದೆ ಅಮ್ಮ, ಅವಳ ಹಿಂದೆ ನಾನು. ಆಚೆಮನೆಯವರೂ ಅಷ್ಟೇ ರಭಸದಲ್ಲಿ ಬಂದರು. ಉಳಿದ ಕಟ್ಟದ ಮೇಲೆ ಎದುರುಬದುರು ನಿಂತು ಇಬ್ಬರೂ ಕೈ ಎತ್ತಿದರು. ಎತ್ತಿದ ಕೈಯಲ್ಲಿದ್ದದ್ದು ಬೀಡಿ ಎಲೆಯ ಕತ್ತರಿ. ಇಬ್ಬರದ್ದೂ.

ಮೊದಲು ಕೈ ಇಳಿಸುವುದು ಹೇಗೆ? ಮರ್ಯಾದೆಯ ಪ್ರಶ್ನೆ. ಕೊನೆಗೆ ಆಚೆಮನೆಯವರು ಮಾವನ ಕತ್ತರಿಯನ್ನೇ ನೋಡುತ್ತ ಕೇಳಿದರು:

"ಇದಕ್ಕೆ ಎಲ್ಲಿ ಸಾಣೆ ಹಿಡಿಸಿದ್ದು ಮಾರಾಯ? ನನ್ನದು ಎಲೆಯನ್ನು ಸಹ ಕತ್ತರಿಸುದಿಲ್ಲ."

"ಮೂಡಬಿದ್ರೆಯಲ್ಲಿ," ಎಂದರು ಮಾವ, ಕೈ ಎತ್ತಿಕೊಂಡೇ.

ಅಮ್ಮ ಕೆಸರಿನಲ್ಲೇ ಕುಸಿದು ಕೂತು ನಕ್ಕಳು. ನಗುತ್ತ ನಗುತ್ತ ಅತ್ತೇಬಿಟ್ಟಳು. ಅದನ್ನು ಕಂಡ ಮೇಲೆಯೇ ಎರಡೂ ಕೈ ಕೆಳಗಿಳಿದವು. ಸೆರಗಿನಿಂದ ಮುಖ ಒರಸಿಕೊಂಡು ಅವಳು ಇಬ್ಬರಿಗೂ ಸೇರಿಸಿ ಹೇಳಿದಳು:

"ನೆನೆಹಾಕಿದ ಎಲೆ ಒಣಗ್ತದೆ. ಮನೆಗೆ ಹೋಗುವ."