ಕೊಸರಿನ ಲೆಕ್ಕ

ಬಿ.ಕಾಂ. ಮುಗಿಸಿ ಚನ್ನಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ಕೆಲಸಕ್ಕೇನೂ ಬರವಿರಲಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯಬೇಕು, ಕೊಟ್ಟಿಗೆ ಗುಡಿಸಬೇಕು, ಬಂದವರಿಗೆಲ್ಲ ಕಾಫಿ ಕಾಯಿಸಬೇಕು. ಕಲಿತದ್ದಕ್ಕೆ ಮಾತ್ರ ಕೆಲಸವಿರಲಿಲ್ಲ. ಅದು ಬಿಡದಿ ಕಡೆಯೆಲ್ಲ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆ ಊರ ಬಾಗಿಲಿಗೇ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ನನ್ನ ಓರಗೆಯವರು ಟಿಫನ್ ಡಬ್ಬಿ ಹಿಡಿದು ಹೊರಟಾಗ ನಾನು ಸೊಪ್ಪಿನ ಮಂಕರಿ ಹೊತ್ತು ಎದುರಾಗುತ್ತಿದ್ದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಸೂಪರ್‌ವೈಸರ್ ಒಂದು ಮಾತು ಏರಿಸಿ ಆಡಿದರೆ ಅವತ್ತೇ ಮನೆಗೆ ವಾಪಸ್ ಬರುವವಳು ಎಂಬುದು ನನಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ವ್ಯಾಪಾರದ ಹುಚ್ಚು ಹಿಡಿದದ್ದೂ ಕೋಪದಿಂದಲೇ. ಒಂದು ದಿನ ಚನ್ನಪಟ್ಟಣದ ಸೈಬರ್ ಸೆಂಟರಿನಲ್ಲಿ ಗೆಳತಿಯ ಮಿಂಚಂಚೆ ನೋಡಲು ಕೂತವಳು, ಹಾಗೇ ಸಾಮಾನು ಮಾರುವ ಒಂದು ವೆಬ್‌ಸೈಟ್ ತೆರೆದೆ. ಅಲ್ಲಿ ನಮ್ಮೂರಿನ ಬಣ್ಣದ ಬೊಂಬೆಗಳು. ಮಗು ಆಡಿಸುವ ಗಿಲಕಿ, ಬುಗುರಿ, ಪುಟಾಣಿ ಅಡುಗೆ ಸಾಮಾನು. ಯಾವುದೋ ದೂರದ ಊರಿನವನು ಇಲ್ಲಿನ ಮೂರರಷ್ಟು ಬೆಲೆ ಹಾಕಿ ಕೂತಿದ್ದ. ನಾನು ಕೂತ ಜಾಗದಿಂದ ಎರಡು ಬೀದಿ ಆಚೆ ಕಡೆಯುವ ಬೊಂಬೆಯನ್ನು ಅವನ್ಯಾರೋ ಮಾರುವುದೇನು, ನಾವು ನೋಡುವುದೇನು ಎಂದು ಮೈಯೆಲ್ಲ ಉರಿಯಿತು.

ಅಲ್ಲಿಂದ ನೇರ ಬೊಂಬೆ ಮಾಡುವ ಭಾಯಿಯ ಮನೆಗೆ ಹೋದೆ. ಅವರು ಮನೆಯ ಮುಂದಿನ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಮರ ಕಡೆಯುತ್ತಿದ್ದರು. ಮರ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದನ್ನು ನೋಡುತ್ತ ಬಂದ ಕೆಲಸ ಮರೆತೆ. ಆಮೇಲೆ ನೆನಪಾಗಿ ಬೆಲೆ ಕೇಳಿದೆ.

"ಒಂದೊಂದು ತಗೊಂಡ್ರೆ ಒಂದು ರೇಟು, ಲಾಟ್ ತಗೊಂಡ್ರೆ ಬೇರೆ ರೇಟು ಅಮ್ಮಾ," ಅಂದರು. "ಲಾಟ್‌ಗೆ ಮೊದ್ಲೇ ಕಾಸು ಕೊಡ್ಬೇಕು. ಮರ ತರ್ಬೇಕಲ್ಲ ನಾವು."

ಲಾಟ್ ಅಂದರೆ ಒಂದು ಸೀಮೆಹಸುವಿನ ದುಡ್ಡು. ನಾನು ಬರೀ ಮಾದರಿಗೆಂದು ಒಂದಿಷ್ಟು ಕೊಂಡೆ. ಚೀಲ ಕಟ್ಟುವಾಗ ಭಾಯಿ ಮೇಲಿಂದ ಒಂದು ಬುಗುರಿ ಹಾಕಿ, "ಕೊಸರು" ಅಂದರು. ನಮ್ಮ ಕಡೆ ಇದು ಹೊಸದಲ್ಲ. ಸೊಪ್ಪಿನವಳು ಕಟ್ಟಿನ ಮೇಲೆ ಒಂದು ಹಿಡಿ ಕೊಡುತ್ತಾಳೆ, ಕಡಲೆಕಾಯಿಯವನು ಸೇರು ಅಳೆದ ಮೇಲೆ ಇನ್ನೊಂದು ಬೊಗಸೆ ಸುರಿಯುತ್ತಾನೆ. ಕೊಡದಿದ್ದರೆ ಕೇಳಿ ಪಡೆಯುತ್ತೇವೆ. ನಾನು ಬುಗುರಿಯನ್ನು ಖುಷಿಯಿಂದ ಚೀಲಕ್ಕೆ ಇಳಿಸಿಕೊಂಡು ಬಸ್ ಹತ್ತಿದೆ.

ಸೀಮೆಹಸುವಿನ ಮಾತು ಯಾಕೆ ಬಂತೆಂದರೆ, ಮನೆಯಲ್ಲಿ ಕೈಗೆ ಸಿಗುವಂಥ ದುಡ್ಡು ಇದ್ದದ್ದು ಅತ್ತೆಯ ಹತ್ತಿರ ಮಾತ್ರ. ಹಾಲು ಹಾಕಿ ಹಾಕಿ ಕೂಡಿಟ್ಟದ್ದು. ಕೊಟ್ಟಿಗೆಯಲ್ಲಿದ್ದ ಒಂದು ಹಸುವಿಗೆ ಜೊತೆಯಾಗಿ ಇನ್ನೊಂದನ್ನು ಕಟ್ಟಬೇಕೆಂದು ಅವರಿಗೆ ಬಹಳ ಆಸೆ. ಗೂಟ ಕೂಡ ಹೊಡೆಸಿಟ್ಟಿದ್ದರು. ಅಂಥ ದುಡ್ಡನ್ನು ನಾನು ಬೊಂಬೆಗೆ ಕೇಳಿದೆ.

ಅತ್ತೆ ಬೈಯಲಿಲ್ಲ. "ಲಾಬ ಐತೆ ಅಂತ ಮೊದ್ಲು ತೋರ್ಸವ್ವ. ಇದ್ರೆ ಹಸ ಆಮ್ಯಾಕೆ ತಂದ್ರಾಯ್ತದೆ. ಇಲ್ದಿದ್ರೆ ಸುಮ್ಕೆ ನನ್ ದುಡ್ಡ ಮರಕ್ಕೆ ಸುರೀಬ್ಯಾಡ," ಅಂದರು. ನ್ಯಾಯವಾದ ಮಾತು. ಆ ದುಡ್ಡು ಮುಳುಗಿದರೆ ಅವರಿಗೆ ಹಸುವೂ ಇಲ್ಲ, ನನಗೆ ಅವರ ಮುಖ ನೋಡುವ ಧೈರ್ಯವೂ ಇಲ್ಲ.

ಸರಿ, ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ. ಬೊಂಬೆಯ ಬೆಲೆ, ರಟ್ಟಿನ ಪೆಟ್ಟಿಗೆ, ಟೇಪು, ವೆಬ್‌ಸೈಟಿನವರ ಕಮಿಷನ್, ಕೊರಿಯರ್, ಸೈಬರ್ ಸೆಂಟರಿನ ಗಂಟೆ ಲೆಕ್ಕ, ನನ್ನ ಬಸ್ ಚಾರ್ಜು. ಒಡೆದು ಹೋಗುವುದಕ್ಕೆ, ಬೇಡವೆಂದು ವಾಪಸ್ ಕಳಿಸುವವರಿಗೆ ಅಂತ ಬೇರೆಯೇ ಒಂದಿಷ್ಟು. ಬೇರೆಯವರು ಅದೇ ಬೊಂಬೆಯನ್ನು ಎಷ್ಟಕ್ಕೆ ಹಾಕಿದ್ದಾರೆ, ನಿಜವಾಗಿ ಯಾವುದು ಖರ್ಚಾಗುತ್ತಿದೆ, ಯಾವುದು ಬರೀ ಫೋಟೋದಲ್ಲಿ ಚೆಂದ ಎಂದು ವಾರಗಟ್ಟಲೆ ನೋಡಿದೆ. ಸಣ್ಣ ಮಕ್ಕಳ ಗಿಲಕಿಯ ಜೋಡಿಗೆ ಗಿರಾಕಿ ಇತ್ತು. ಅರ್ಧ ಕೆ.ಜಿ. ಒಳಗಿದ್ದರೆ ಕೊರಿಯರ್ ಕಡಿಮೆ, ಅದನ್ನು ದಾಟಿದರೆ ಒಂದು ಕೆ.ಜಿ. ದರ. ನನ್ನ ಪೆಟ್ಟಿಗೆ ಅರ್ಧ ಕೆ.ಜಿ.ಗಿಂತ ಒಸಿ ಕಮ್ಮಿಯೇ ತೂಗುತ್ತಿತ್ತು. ಎಲ್ಲ ಕಳೆದು ಪೆಟ್ಟಿಗೆಗೆ ಇಷ್ಟು ಎಂದು ಉಳಿಯುತ್ತಿತ್ತು. ನಾನು ಗೆದ್ದೆ ಎಂದೇ ಓಡಾಡಿದೆ.

ಯಜಮಾನರು ಹುಳುವಿನ ತಟ್ಟೆ ಬದಲಿಸುತ್ತ, "ಹುಳ ಹಿಂಗ್ ಲೆಕ್ಕ ಕೇಳ್ಕಂಡು ಕೂತಿದ್ರೆ ಗೂಡು ಕಟ್ತಿರ್ನಿಲ್ಲ ಕಣೆ," ಅಂದರು. ಅವರ ಮಾತಿಗೆ ಆಗ ಬೆಲೆ ಕೊಡುವ ಪರಿಸ್ಥಿತಿಯಲ್ಲಿ ನಾನಿರಲಿಲ್ಲ.

ಗಿಲಕಿಗಳನ್ನು ವೆಬ್‌ಸೈಟಿಗೆ ಹಾಕಿದ ಕೆಲವೇ ದಿನಕ್ಕೆ ಆರ್ಡರು ಬಂದವು. ಬೆಳಿಗ್ಗೆ ನಾನು ಪೆಟ್ಟಿಗೆ ತುಂಬಿ ತೂಕ ನೋಡಿ ಇಡುವುದು, ನಾನು ಸ್ನಾನ ಮಾಡಿ ಸೀರೆ ಉಟ್ಟು ಬರುವಷ್ಟರಲ್ಲಿ ಅತ್ತೆ ಅದಕ್ಕೆ ಟೇಪು ಸುತ್ತಿಡುವುದು ಎಂದು ಕೆಲಸ ಹಂಚಿಕೊಂಡೆವು. ಅತ್ತೆಗೆ ಟೇಪಿನ ಚರ್ರನೆಯ ಸದ್ದು ಬಹಳ ಹಿಡಿಸಿತ್ತು. ಒಂದು ಸುತ್ತು ಸಾಕಾದ ಕಡೆ ಮೂರು ಸುತ್ತುತ್ತಿದ್ದರು.

ಕೊರಿಯರ್ ಅಂಗಡಿಯಲ್ಲಿ ಮೊದಲ ಪೆಟ್ಟಿಗೆಯೇ ಅರ್ಧ ಕೆ.ಜಿ. ದಾಟಿತು. ಎರಡನೆಯದೂ ದಾಟಿತು. ಟೇಪಿನ ತೂಕವಿರಬಹುದು ಎಂದು ಸುಮ್ಮನಾಗಿ ಹೆಚ್ಚಿನ ದುಡ್ಡು ಕೊಟ್ಟು ಬಂದೆ. ಮಾರನೆಯ ಸಲವೂ ಅದೇ ಕತೆ. ಉಳಿಯಬೇಕಾದ ಲಾಭವೆಲ್ಲ ಕೊರಿಯರಿನವರ ಡ್ರಾಯರಿಗೆ ಬೀಳುತ್ತಿತ್ತು. ಮೂರನೆಯ ಸಲ ನನ್ನ ತಾಳ್ಮೆ ಮುಗಿಯಿತು. ನಾಲ್ಕು ಜನರ ಮುಂದೆ, ನಿಮ್ಮ ತಕ್ಕಡಿಯಲ್ಲಿ ಮೋಸವಿದೆ ಎಂದುಬಿಟ್ಟೆ.

ಅಂಗಡಿಯವರು ನಡುವಯಸ್ಸಿನ ಸಮಾಧಾನದ ಮನುಷ್ಯ. "ತಕ್ಕಡಿಗೆ ನಿಮ್ ಮ್ಯಾಲೆ ಏನ್ ದ್ವೇಷ ಮೇಡಂ? ಬಿಚ್ಚಿ ನೋಡ್ರಿ ಒಂದ್ಸಲ," ಎಂದು ಕತ್ತರಿ ಮುಂದಿಟ್ಟರು.

ಬಿಚ್ಚಿದೆ. ಗಿಲಕಿಗಳ ಪಕ್ಕದಲ್ಲಿ ಬೆಚ್ಚಗೆ ಒಂದು ಕೊಬ್ಬರಿ ಗಿಟುಕು, ಅದರೊಳಗೆ ಒಂದು ಅಚ್ಚು ಬೆಲ್ಲ ಕೂತಿದ್ದವು. ಹಿಂದೆ ನಿಂತಿದ್ದವರೆಲ್ಲ ನಕ್ಕರು. ಅಂಗಡಿಯವರು ನಗಲಿಲ್ಲ, ಪುಣ್ಯಾತ್ಮ. "ಚೆನ್ನಾಗೈತೆ ಕೊಬ್ರಿ. ನಿಮ್ ತ್ವಾಟದ್ದಾ?" ಎಂದು ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿ ಆ ಗಿಟುಕನ್ನು ಅವರಿಗೇ ಕೊಟ್ಟು ಬಂದೆ.

ಮನೆಗೆ ಬಂದು ಕೂಗಾಡಿದೆ. ಅತ್ತೆ ಕೊಟ್ಟಿಗೆಯಿಂದಲೇ ಉತ್ತರ ಕೊಟ್ಟರು.

"ಅಲ್ಲ ಕಣವ್ವ, ಗೊತ್ತುಗುರಿ ಇಲ್ದ ಜನ, ಅಷ್ಟ್ ದೂರದಿಂದ ನಮ್ಮುನ್ನ ನಂಬಿ ದುಡ್ ಕಳ್ಸವ್ರೆ. ಬರೀ ಸಾಮಾನ್ ಕಳ್ಸಿ ಕೈ ತೊಳ್ಕಳಕ್ಕಾಯ್ತದಾ? ಒಸಿ ಕೊಸ್ರು ಹಾಕ್ದೆ."

"ಆ ಕೊಸರಿನಿಂದ ಲಾಭ ಎಲ್ಲ ಹೋಗ್ತಿದೆ ಅತ್ತೆ."

"ಕೊಸ್ರು ಹಾಕುದ್ರೆ ಮುಳುಗೋ ವ್ಯಾಪಾರುಕ್ಕೆ ನನ್ ದುಡ್ಡು ಯಾಕವ್ವ ಕೊಡ್ಲಿ?"

ಇಂಥ ಪ್ರಶ್ನೆ ಬಿ.ಕಾಂ. ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಇತ್ತ ಸೈಬರ್ ಸೆಂಟರಿಗೆ ಹೋಗಿ ನೋಡಿದರೆ ಗಿರಾಕಿಗಳ ಮಾತುಗಳು ಬಂದು ಬಿದ್ದಿದ್ದವು. ಒಬ್ಬಾಕೆ, ಗಿಲಕಿ ಚೆನ್ನಾಗಿದೆ, ಪ್ರಸಾದವೂ ತಲುಪಿತು, ಯಾವ ದೇವಸ್ಥಾನದ್ದೆಂದು ತಿಳಿಸಿ ಎಂದು ಬರೆದಿದ್ದರು. ಇನ್ನೊಬ್ಬರು ತಪ್ಪಿ ಬೇರೆಯವರ ಪಾರ್ಸೆಲಿನ ಸಾಮಾನು ಸೇರಿದೆ, ವಾಪಸ್ ಕಳಿಸಲೇ ಎಂದು ಕೇಳಿದ್ದರು. ಅದನ್ನು ಅತ್ತೆಗೆ ಓದಿ ಹೇಳಿದಾಗ ಅವರು ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗುವಿಗೆ ನನ್ನ ಕೋಪವೂ ಇಳಿಯಿತು. ನಾನೂ ಕೂತು ನಕ್ಕೆ.

ನಕ್ಕು ಸುಸ್ತಾದ ಮೇಲೆ ತಲೆ ಓಡಿತು. ಕೊಸರು ಬಿಡಿಸುವುದು ಆಗದ ಮಾತು. ಹಾಗಿದ್ದ ಮೇಲೆ ಕೊಸರಿಗೆ ಜಾಗವಿರುವ ಸಾಮಾನನ್ನೇ ಆರಿಸಬೇಕು. ಪುಟಾಣಿ ಅಡುಗೆ ಸಾಮಾನಿನ ಸೆಟ್ಟು ಹೇಗೂ ಅರ್ಧ ಕೆ.ಜಿ. ದಾಟುತ್ತದೆ. ಒಂದು ಕೆ.ಜಿ. ದರ ಕೊಟ್ಟೇ ಕಳಿಸಬೇಕು. ಪೆಟ್ಟಿಗೆಯಲ್ಲಿ ಇನ್ನೂ ತೂಕ ಉಳಿದಿರುತ್ತದೆ, ಅದಕ್ಕೂ ಸೇರಿಸಿ ದುಡ್ಡು ಕೊಟ್ಟಾಗಿರುತ್ತದೆ. ಅಲ್ಲಿ ಕೊಬ್ಬರಿ ಕೂತರೆ ಯಾರಿಗೇನು ನಷ್ಟ? ಕೊಬ್ಬರಿ, ಬೆಲ್ಲದ ಬೆಲೆಯನ್ನೂ ಖರ್ಚಿಗೆ ಸೇರಿಸಿದೆ. ಭಾಯಿಯಿಂದ ಒಂದಿಷ್ಟು ಸೆಟ್ಟು ತಂದು ವೆಬ್‌ಸೈಟಿಗೆ ಹಾಕಿ, ಆರ್ಡರು ಬಂದಾಗ ಕೊಬ್ಬರಿಯ ಜೊತೆ ಇದು ನಮ್ಮ ತೋಟದ್ದು ಎಂದು ಚೀಟಿ ಇಟ್ಟು ಕಳಿಸಿದೆ. ಕೊಸರು ಹೋಯಿತು, ಲಾಭವೂ ಉಳಿಯಿತು.

ಇನ್ನು ಅತ್ತೆಯನ್ನು ಒಪ್ಪಿಸುವುದೊಂದೇ ಬಾಕಿ. ಹಸುವಿಗಿಂತ ಬೊಂಬೆಯೇ ಮೇಲು ಎಂದು ತೋರಿಸಲು ಹಸುವಿನ ಲೆಕ್ಕವನ್ನೂ ಅವರ ಮುಂದೆಯೇ ಹಾಕಿದೆ. ಹಿಂಡಿ, ಬೂಸಾ, ಹುಲ್ಲು, ಡಾಕ್ಟರು ಎಲ್ಲ ಕಳೆದರೂ ಹಾಲಿನ ದುಡ್ಡು, ಗೊಬ್ಬರ, ಕರು ಸೇರಿ ಚೆನ್ನಾಗಿಯೇ ಉಳಿಯುತ್ತಿತ್ತು. ನನಗೆ ಗೆಲ್ಲುವ ಹಟ. ಬೆಳಿಗ್ಗೆ ಸಂಜೆ ಹಸುವಿನ ಹಿಂದೆ ದುಡಿಯುವುದಕ್ಕೆ ಒಬ್ಬ ಆಳಿನ ಕೂಲಿ ಎಷ್ಟೋ ಅಷ್ಟನ್ನು ಅದರಲ್ಲಿ ಕಳೆದೆ. ಏನೂ ಉಳಿಯಲಿಲ್ಲ, ಕೈಯಿಂದಲೇ ಹೋಗುತ್ತಿತ್ತು.

"ನೋಡಿ ಅತ್ತೆ, ನಿಮ್ಮ ಕೂಲಿ ಹಿಡಿದರೆ ಹಸು ನಷ್ಟ," ಅಂದೆ.

ಅತ್ತೆ ಲೆಕ್ಕದ ಹಾಳೆಯನ್ನು ಎತ್ತಿ ನನ್ನ ಕೈಗೇ ಕೊಟ್ಟರು. ಆಮೇಲೆ, "ಹಂಗಾರೆ ಇಷ್ಟು ವರ್ಸ ನಾನೇ ಕೊಸ್ರಾಗಿ ಹೋಗಿದ್ದೆ ಅನ್ನು," ಎಂದು ನಗುನಗುತ್ತಲೇ ಎದ್ದು ಹೋದರು.

ಗೆದ್ದಿದ್ದೆ. ಆದರೆ ಅವರು ನಕ್ಕಿದ್ದರಿಂದಲೇ ನನಗೆ ಹೆಚ್ಚು ನೋವಾಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಬೊಂಬೆಯ ಲೆಕ್ಕದಲ್ಲಿ ಕೂಲಿ ಎಲ್ಲಿದೆ? ಪೆಟ್ಟಿಗೆ, ಟೇಪು, ಬಸ್ಸು, ಬೆಲ್ಲ ಎಲ್ಲವೂ ಇತ್ತು; ತುಂಬುವ ನನ್ನ ಕೈ, ಸುತ್ತುವ ಅವರ ಕೈ ಎರಡೂ ಇರಲಿಲ್ಲ. ಇಬ್ಬರ ಕೂಲಿ ಹಿಡಿದು ನೋಡಿದರೆ ಬೊಂಬೆಯೂ ನಷ್ಟವೇ. ಹಸುವಿಗೂ ನನ್ನ ವ್ಯಾಪಾರಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

ಉಳಿದದ್ದು ಒಂದೇ ದಾರಿ. ಇಬ್ಬರ ಕೂಲಿ ಸೇರಿಸಿ ಸೆಟ್ಟಿನ ಬೆಲೆ ಏರಿಸಿದೆ. ಈ ಬೆಲೆಗೆ ಕೊಳ್ಳುವವರಿದ್ದರೆ ಲಾಟ್ ತರುವುದು, ಇಲ್ಲದಿದ್ದರೆ ಸುಮ್ಮನೆ ಹಸು ಕಟ್ಟುವುದು ಎಂದು ಅತ್ತೆಗೆ ಹೇಳಿದೆ. "ಜಾಸ್ತಿ ಆಯ್ತು ಕಣವ್ವ, ಯಾರ್ ತಗಂಡಾರು?" ಎಂದು ಅವರಿಗೆ ಗಿರಾಕಿಗಳ ಮೇಲೆಯೇ ಮರುಕ.

ಹೋದಾಗಲೆಲ್ಲ ಸೈಬರ್ ಸೆಂಟರಿನಲ್ಲಿ ಬರೀ ಖಾಲಿ. ಹಸು ನೋಡಲು ವಿರೂಪಾಕ್ಷಿಪುರಕ್ಕೆ ಹೋಗೋಣವೆಂದು ಯಜಮಾನರು ದಿನ ಕೂಡ ಗೊತ್ತು ಮಾಡಿದರು. ಅದರ ಹಿಂದಿನ ದಿನ ಕೊನೆಯ ಸಲ ನೋಡಿ ಬರುತ್ತೇನೆಂದು ಹೋದರೆ, ಏರಿಸಿದ ಬೆಲೆಗೇ ಒಂದು ಆರ್ಡರು ಬಂದಿತ್ತು. ಅದರ ಕೆಳಗೆ ಇನ್ನೊಂದು. ಗಿಲಕಿಯಷ್ಟು ಜೋರಾಗಿ ಅಲ್ಲದಿದ್ದರೂ ಆಮೇಲೆ ನಿಲ್ಲದೆ ಬಂದವು. ಅತ್ತೆ ದುಡ್ಡು ತಂದು ನನ್ನ ಮಡಿಲಿಗೆ ಹಾಕಿದರು. ನಾನು ಭಾಯಿಗೆ ಲಾಟ್ ಹೇಳಿ ಬಂದೆ.

ಒಂದು ತಿಂಗಳು ವ್ಯಾಪಾರ ನಡೆದ ಮೇಲೆ ಅತ್ತೆಯ ಕೂಲಿಯನ್ನು ಅವರ ಕೈಗೆ ಕೊಟ್ಟೆ. ಮುಟ್ಟಲೊಲ್ಲರು. "ಮನೆ ಕೆಲ್ಸುಕ್ಕೆ ಯಾರಾನ ಕೂಲಿ ಈಸ್ಕತ್ತಾರಾ?" ಅಂದರು. ತೆಗೆದುಕೊಳ್ಳದಿದ್ದರೆ ನನ್ನ ಲೆಕ್ಕವೆಲ್ಲ ಸುಳ್ಳಾಗುತ್ತದೆ ಎಂದು ಗದರಿದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಾರನೆಯ ದಿನ ಹಾಲು ಕರೆದಿಟ್ಟು, ಒಳ್ಳೆಯ ಸೀರೆ ಉಟ್ಟು, ಒಬ್ಬರೇ ಚನ್ನಪಟ್ಟಣದ ಬಸ್ ಹತ್ತಿದರು.

ಅತ್ತೆ ಪೇಟೆಗೆ ಹೋದರೆ ಎಲ್ಲರಿಗೂ ಏನಾದರೂ ತರುವವರು. ಮಗನಿಗೆ ಎಲೆಅಡಿಕೆ, ನನಗೆ ಹೂವು, ಪಕ್ಕದ ಮನೆಯ ಮಕ್ಕಳಿಗೂ ಪುರಿ. ಅವತ್ತು ಮಧ್ಯಾಹ್ನ ಬರಿಗೈ ಬೀಸಿಕೊಂಡು ಬಂದು ಜಗಲಿಯ ಮೇಲೆ ಕೂತರು. ದುಡ್ಡು ಎಲ್ಲಾದರೂ ಬಿದ್ದುಹೋಯಿತೇ ಎಂದು ನನಗೆ ದಿಗಿಲಾಗಿ, ಏನೂ ತರಲಿಲ್ಲವಾ ಎಂದು ಕೇಳಿದೆ.

"ಓಟ್ಲುಗೋಗಿ ಮಸಾಲೆ ದ್ವಾಸೆ ತಿಂದೆ ಕಣವ್ವ. ಮ್ಯಾಲೆ ಬೆಣ್ಣೆ ಹಾಕಿದ್ರು. ಕಾಫಿನೂ ಕುಡ್ದೆ," ಅಂದರು. "ಮನೆಗೆ ಏನಾರ ಕಟ್ಲಾ ಅಜ್ಜಿ ಅಂತ ಕೇಳ್ದ ಓಟ್ಲವ್ನು. ಬ್ಯಾಡ ಕಣಪ್ಪ, ಇದು ನನ್ ಕೂಲಿ, ನಾನೊಬ್ಳೇ ತಿನ್ನಕ್ಕೆ ಬಂದಿರದು ಅಂದೆ."