ದುರ್ಗಮ್ಮನ ದ್ರಾಕ್ಷಿ ಚಪ್ಪರ

ದುರ್ಗಮ್ಮನ ಸುದ್ದಿ ಕೆರಿಯಮ್ಮನ ಕಿವಿಗೆ ಮೊದಲು ಬಿದ್ದದ್ದು ಹೊಸನಗರದ ಮೀನು ಮಾರ್ಕೆಟ್ಟಿನಲ್ಲಿ. ಸಾಗರದ ಡಾಕ್ಟರರ ಮಕ್ಕಳನ್ನು ನೋಡಿಕೊಳ್ಳಲು ಇಂಗ್ಲೆಂಡಿಗೆ ಹೋದವಳಂತೆ, ಅಲ್ಲಿ ಪಕ್ಕದ ದ್ರಾಕ್ಷಿ ತೋಟದಲ್ಲಿ ಕೈಯಾಡಿಸುತ್ತ ನೊರೆಯುಕ್ಕುವ ವೈನ್ ಮಾಡುವುದನ್ನು ಕಲಿತಳಂತೆ, ಈಗ ಊರಿಗೆ ಬಂದು ಬಳ್ಳಿ ನೆಟ್ಟಿದ್ದಾಳಂತೆ.

"ನಮ್ ಮಳೆಗೆ ದ್ರಾಕ್ಷಿಯಾ? ಕಪ್ಪೆ ಸಾಕಿದ್ರೆ ಲಾಭ ಇತ್ತು" ಎಂದ ಮೀನು ಮಾರುವ ಮಾಸ್ತಪ್ಪ.

ಗಂಡ ಸತ್ತ ಮೇಲೆ ಕಂಡವರ ಮನೆ ಕೆಲಸಕ್ಕೆ ಹೋಗುತ್ತಿದ್ದ ಕೆರಿಯಮ್ಮ ದುರ್ಗಮ್ಮನ ತೋಟಕ್ಕೂ ಹೋದಳು. ಅವಳಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ. ಚಪ್ಪರಕ್ಕೆ ಪ್ಲಾಸ್ಟಿಕ್ ಹೊದಿಸಿದರೂ ಎಲೆಗೆ ಬೂಷ್ಟು ತಪ್ಪಲಿಲ್ಲ. ಕತ್ತೆತ್ತಿ ಕೊಳೆತ ಎಲೆ ಚಿವುಟಿ ಚಿವುಟಿ ಇಬ್ಬರಿಗೂ ರಾತ್ರಿ ಮಗ್ಗುಲು ಬದಲಿಸಲಾಗುತ್ತಿರಲಿಲ್ಲ. ಎರಡು ವರ್ಷ ಕಾಯೇ ನಿಲ್ಲಲಿಲ್ಲ.

"ಸಾಕು ಬಿಡು ದುರ್ಗಕ್ಕ. ವೈನ್ ಬೇಕಾದ್ರೆ ಅಂಗಡೀಲಿ ಸಿಗ್ತದೆ."

"ಅಷ್ಟು ವರ್ಷ ಬೇರೆಯವ್ರ ಹಣ್ಣು ಕೊಯ್ದೆ ಮಾರಾಯ್ತಿ. ನನ್ ಬಳ್ಳೀದು ಒಂದೇ ಒಂದ್ ಲೋಟ ನೊರೆ ಉಕ್ಕಿದ್ ನೋಡ್ಬೇಕು. ಸಾಯೋದು ಆಮೇಲೆ."

ಮೂರನೆಯ ಬೇಸಿಗೆಗೆ ಹಣ್ಣಾಯಿತು. ರಸ ಹುಳಿತ ಮೇಲೆ ದಪ್ಪ ಬಾಟಲಿಗಳಿಗೆ ತುಂಬಿ, ಚೂರು ಸಕ್ಕರೆ ಹಾಕಿ ಬಿಗಿದರು. ನೊರೆ ಒಳಗೇ ಕಟ್ಟಬೇಕು, ಬಾಟಲಿ ತಂಪಲ್ಲಿರಬೇಕು ಎಂದು ಹೇಳಿಕೊಟ್ಟವಳು ದುರ್ಗಮ್ಮನೇ. ಆದರೆ ಮಳೆ ಹಿಡಿದು ಗೋಡೆಯೆಲ್ಲ ಬೆವರತೊಡಗಿದಾಗ ಅವಳಿಗೇ ಮನಸ್ಸು ತಡೆಯಲಿಲ್ಲ. ಮಳೆಗಾಲದಲ್ಲಿ ಅಮ್ಮ ಮಾಡುತ್ತಿದ್ದ ಹಾಗೆ ಹಪ್ಪಳ, ಉಪ್ಪು, ಹುಣಸೆಹಣ್ಣಿನ ಜೊತೆ ಬಾಟಲಿಗಳನ್ನೂ ಒಲೆ ಮೇಲಿನ ಅಟ್ಟಕ್ಕೆ ಹತ್ತಿಸಿದಳು.

"ಬೂಷ್ಟು ಹಿಡಿದ್ರೆ ಎಂತ ಮಾಡೋದು?" ಎಂದಳು.

ಒಲೆಯ ಬಿಸಿಗೆ ಬಾಟಲಿಗಳು ಒಂದರ ಹಿಂದೆ ಒಂದು ಸಿಡಿದವು. ಅನ್ನದ ಪಾತ್ರೆಯಲ್ಲೆಲ್ಲ ಗಾಜು. ದುರ್ಗಮ್ಮ ಮಣೆ ಎಳೆದುಕೊಂಡು ಕೂತಳು.

"ಇಂಗ್ಲೆಂಡಲ್ಲಿ ಕಲ್ತಿದ್ದು ಮಳೆಗೆ ತೊಳ್ಕೊಂಡು ಹೋಯ್ತು ನೋಡು. ಅಮ್ಮ ಕಲ್ಸಿದ್ದೇ ಗಟ್ಟಿ" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಮಳೆಗಾಲ ಮುಗಿದರೂ ಬಿಡಲಿಲ್ಲ.

ಅಟ್ಟದ ಮೂಲೆಯಲ್ಲಿ ಒಂದು ಬಾಟಲಿ ಉಳಿದಿತ್ತು. ದೀಪಾವಳಿ ಕಳೆದು ದುರ್ಗಮ್ಮ ಹಾಸಿಗೆ ಹಿಡಿದಾಗ ಕೆರಿಯಮ್ಮ ಅದರ ಬಿರಡೆ ಬಿಚ್ಚಿದಳು. ನೊರೆ ಬುಸ್ಸೆಂದು ಲೋಟ ಮೀರಿ ಅವಳ ಸೀರೆಯ ಮೇಲೆ ಸುರಿಯಿತು. ದುರ್ಗಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದಳು.

"ಹುಳಿ. ಆದ್ರೂ ಉಕ್ತಲ್ಲ."

"ಉಕ್ತು. ಇನ್ನು ಆ ಬಳ್ಳಿ ಸವರೋರು ಯಾರು? ನನ್ ಕೈಲಾಗಲ್ಲ ದುರ್ಗಕ್ಕ."

ದುರ್ಗಮ್ಮ ಲೋಟ ಕೆಳಗಿಟ್ಟಳು.

"ಕಡಿದ್ ಹಾಕು. ಚಪ್ಪರ ಕೀಳ್ಬೇಡ. ಹೀರೆ ಬೀಜ ಊರು ಅದ್ರ ಬುಡಕ್ಕೆ. ಯಾರೂ ನೋಡ್ಕಳ್ದಿದ್ರೂ ಬೆಳೀತದೆ ಅದು."